ಮುದುಕಪ್ಪನ ಬೀಸುಕಲ್ಲುಗಳ ಮೇಳ

“ತಿರಗಸ್ರೀ, ನಿಂದರಬ್ಯಾಡ್ರಿ!”

ಮುದುಕಪ್ಪ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಾರೆ. ಇನ್ನೂ ಬೆಳಕು ಹರಿದಿಲ್ಲ. ಮಸ್ಕಿಯ ಗುಡ್ಡದ ಬುಡದ ಅಂಗಳದಲ್ಲಿ ಎಂಟು ಹೆಂಗಸರು ಎಂಟು ಬೀಸುಕಲ್ಲು ತಿರುಗಿಸುತ್ತಿದ್ದಾರೆ. ಒಂದರ ಬಾಯಿಗೂ ಕಾಳು ಬಿದ್ದಿಲ್ಲ. ಬರಿಗಲ್ಲು ಬೀಸಿದರೆ ಮನೆಗೆ ಕೇಡು ಎನ್ನುವ ಸೀಮೆ ಇದು. ಗುಂಯ್ ಎನ್ನುವ ಸದ್ದು ಮಣ್ಣಿನೊಳಗಿಂದ ಏರಿದಂತೆ ಏರುತ್ತದೆ. ಓಣಿಯ ನಾಯಿಗಳು ಬಾಲ ಮುದುರಿ ದೂರ ಸರಿಯುತ್ತವೆ.

ಮುದುಕಪ್ಪ ಕೈಯೆತ್ತುತ್ತಾರೆ. ಎಂಟೂ ಕಲ್ಲು ನಿಲ್ಲುತ್ತವೆ. ಒಂಬತ್ತನೆಯ ಕಲ್ಲಿನ ಮುಂದೆ ಯಾರೂ ಕೂತಿಲ್ಲ. ಎರಡು ನಿಮಿಷ ಎಲ್ಲರ ಕಣ್ಣೂ ಅದರ ಮೇಲೆ. ಆಮೇಲೆ ಮತ್ತೆ ಸದ್ದು.

ಐವತ್ತೆಂಟರ ಮುದುಕಪ್ಪ ಸವೆದ ಬೀಸುಕಲ್ಲಿಗೆ ಉಳಿ ಹೊಡೆದು ಹರಿತ ಮಾಡುವವರು. ಒಂದು ಕಾಲಕ್ಕೆ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನಡೆದು ದಿನಕ್ಕೆ ಹತ್ತು ಕಲ್ಲು ಹೊಡೆಯುತ್ತಿದ್ದರು. ಊರೂರಿಗೆ ಗಿರಣಿ ಬಂದ ಮೇಲೆ ವಾರಕ್ಕೆ ಒಂದು ಸಿಕ್ಕರೆ ಹೆಚ್ಚು.

“ಹೆಂಗಸು ಇರೂತನಕ ಎಷ್ಟು ಸಲ ಉಳಿ ಹೊಡದ್ರೂ ಕಲ್ಲು ಎಂಟು ದಿನಕ್ಕ ಆಕಿ ಕೈಗೆ ಒಗ್ಗಿ ಅದೇ ದನಿ ಹಿಡೀತೈತ್ರಿ. ಆಕಿ ಹೋದಮ್ಯಾಲ ಹೊಡದ್ರ, ಮುಗೀತು.”

ಇದನ್ನು ಅವರು ತಡವಾಗಿ ಕಲಿತರು. ೧೯೮೩ರಲ್ಲಿ ಹೆಂಡತಿ ಗಿರಿಯಮ್ಮ ತೀರಿಕೊಂಡರು. ಸೂತಕ ಮುಗಿಯುವವರೆಗೆ ಮನೆಯ ಕಲ್ಲು ತಿರುಗುವಂತಿಲ್ಲ. ಮುಗಿದ ದಿನ ಉಳಿ ಮುಟ್ಟಿಸಿಯೇ ಬೀಸಬೇಕು. ಪದ್ಧತಿಯಂತೆ ತಾವೇ ಕೂತು ಹೊಡೆದರು. ತಿರುಗಿಸಿದರೆ ಬರೀ ಕರಕರ. ಗಿರಿಯಮ್ಮನ ಹಾಡಿಗೆ ಶ್ರುತಿಯಾಗಿದ್ದ ದನಿ ಕಲ್ಲುಪುಡಿಯ ಜೊತೆ ಹಾರಿಹೋಗಿತ್ತು. ಎಷ್ಟು ಸಾವಿನ ಮನೆಗಳಲ್ಲಿ ತಮ್ಮ ಕೈ ಇದೇ ಕೆಲಸ ಮಾಡಿದೆ ಎಂಬುದು ಅಂದು ಹೊಳೆಯಿತು.

ಅಂದಿನಿಂದ, ಸತ್ತ ಹೆಂಗಸರ, ಸಾವಿನ ನಂತರ ಉಳಿ ಮುಟ್ಟದ ಕಲ್ಲುಗಳನ್ನು ಹುಡುಕಿ ತರುತ್ತಾರೆ. ನಡುವಿನ ಗೂಟ ಸಡಿಲಿಸಿ, ಬಿಗಿದು, ದನಿ ಹೊಂದಿಸಿ ಹದಿನೆಂಟು ನಿಮಿಷದ ಮೇಳ ಕಟ್ಟಿದ್ದಾರೆ. ಸ್ವರ ಬರೆಯಲು ಬಾರದು. ಗೋಡೆಯ ತುಂಬ ಇದ್ದಿಲ ಗೆರೆಗಳು. ಬೀಸುವವರು ಆಯಾ ಮನೆಯ ಹೆಣ್ಣುಮಕ್ಕಳು, ಸೊಸೆಯರೇ. ಒಂಬತ್ತನೆಯದು ಗಿರಿಯಮ್ಮನ ಕಲ್ಲು; ಅದನ್ನು ಯಾರೂ ಬೀಸುವುದಿಲ್ಲ.

“ಮೊದ್ಲ ದಿನ ಅಂಜಿ ಓಡಿಹೋಗಿದ್ದೆ,” ಎನ್ನುತ್ತಾರೆ ಪಾಮನಕಲ್ಲೂರಿನ ಸಕೀನಾಬೀ. “ನಮ್ಮಮ್ಮ ಬಾಜೂಕ ಕೂತು ಹೂಂಗುಟ್ಟಿದಂಗಾತು. ಊರಾಗ ಈ ಮುದುಕಗ ಪಾಗಲ್ ಅಂತಾರ್ರಿ. ನಾವು ಎಂಟು ಮಂದಿ ಪಾಗಲ್ ಬ್ಯಾರೆ!”

ಇವತ್ತು ಟೇಪ್‌ರೆಕಾರ್ಡರ್ ಹಿಡಿದು ರೇಡಿಯೊದ ಅಧಿಕಾರಿಯೊಬ್ಬರು ಬಂದಿದ್ದಾರೆ. ಮೇಳ ಅವರಿಗೆ ಹಿಡಿಸಿದೆ. ತೊಡಕು ಒಂದೇ.

“ಎರಡು ನಿಮಿಷ ಸದ್ದಿಲ್ಲದಿದ್ರೆ ಕೇಳೋರು ರೇಡಿಯೊನೇ ಕೆಟ್ಟಿತು ಅಂತಾರೆ, ಮುದುಕಪ್ಪನೋರೆ. ಅಲ್ಲಿ ಒಬ್ಬ ಗಾಯಕಿ ಕೈಲಿ ಗುನುಗಿಸ್ತೀವಿ. ಹೂಂ ಅನ್ನಿ, ಮುಂದಿನ ತಿಂಗಳೇ ರಾಜ್ಯಕ್ಕೆಲ್ಲ ಕೇಳಿಸುತ್ತೆ.”

“ಹೂಂ ಅನ್ನು ಕಾಕಾ,” ಸಕೀನಾಬೀ ಅಂಗಲಾಚುತ್ತಾರೆ. “ನಮ್ಮಮ್ಮನ ಕಲ್ಲು ರೇಡಿಯೊದಾಗ ಬರ್ತೈತಿ. ಸುಮ್ಕಿರೂದಕ್ಕ ಏನ್ ಇಷ್ಟು ಹಟ?”

ಎಂಟೂ ಹೆಂಗಸರು ಮುದುಕಪ್ಪನ ಮುಖ ನೋಡುತ್ತಾರೆ. ಅವರು ಮಾತ್ರ ಒಂಬತ್ತನೆಯ ಕಲ್ಲಿನತ್ತ ನೋಡುತ್ತಿದ್ದಾರೆ.

“ಹೋದ ಶ್ರಾವಣದಾಗ ಈ ಎರಡು ನಿಮಿಷದಾಗ ಆಕಿ ಒಮ್ಮೆ ಕೆಮ್ಮಿದ್ಲು,” ಎನ್ನುತ್ತಾರೆ ಮೆಲ್ಲಗೆ. “ಹಾಡೂ ಮುಂಚೆ ಹಂಗ ಕೆಮ್ಮತಿದ್ಲು.”

ಅಧಿಕಾರಿ ನಕ್ಕು, ಒಪ್ಪಿಗೆಯ ಕಾಗದ ಮುಂದೆ ಹಿಡಿಯುತ್ತಾರೆ.

“ಬ್ಯಾಡ್ರಿ,” ಎನ್ನುತ್ತಾರೆ ಮುದುಕಪ್ಪ.