ತಡವಾಗಿ ಬೀಳುವ ಪೆಟ್ಟು

ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಹಗಲೆಲ್ಲ ಮೇಣ ಕರಗಿಸಿ, ಅಚ್ಚು ತೆಗೆದು, ಹಲ್ಲು ಉಜ್ಜಿ ಹೊಳಪೇರಿಸುತ್ತಾಳೆ. ಭಾವ ಅವಳಿಗಿಟ್ಟ ಹೆಸರು ಹಲ್ಲುರಾಣಿ. ಸಂಜೆ ಅಕ್ಕನ ಮನೆಯ ಉಗ್ರಾಣ ಸೇರಿ, ಸದ್ದು ಹೊರಗೆ ಹೋಗದಂತೆ ಬಾಗಿಲಿಗೆ ಹಳೇ ಹಾಸಿಗೆ ಒರಗಿಸಿದಳೆಂದರೆ, ಆಮೇಲೆ ಅವಳುಂಟು, ಅವಳ ಕಂಪ್ಯೂಟರ್ ಉಂಟು, ಅದರಲ್ಲಿ ಅವಳು ಕಟ್ಟುವ ಸಂಗೀತ ಉಂಟು.

ಆ ಸಂಗೀತಕ್ಕೆ ದೂರದೂರಿನಲ್ಲಿ ಒಬ್ಬ ಜೊತೆಗಾರನಿದ್ದ. ಅವಳು ತಾಳ ಹಾಕಿ ಕಳಿಸಿದರೆ ಅವನು ರಾಗ ಸೇರಿಸಿ ಹಿಂದಿರುಗಿಸುತ್ತಿದ್ದ. ಇಬ್ಬರನ್ನೂ ಗಂಟುಹಾಕಿದವರು ಹಾಡುಗಳನ್ನು ಹೊರತರುವ ಒಂದು ಸಣ್ಣ ಲೇಬಲ್ಲಿನ ಯಜಮಾನರು. “ಮಾತು ಬೇಡ, ಸಂಗೀತವೇ ಮಾತಾಡಲಿ” ಎಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಇಬ್ಬರೂ ಒಬ್ಬರ ದನಿಯನ್ನೊಬ್ಬರು ಕೇಳಿರಲಿಲ್ಲ.

ಹಾಡು ಮಾತ್ರ ಮುಗಿಯುತ್ತಿರಲಿಲ್ಲ. ಅವಳು ಬೇಕೆಂದೇ ಕೂದಲೆಳೆಯಷ್ಟು ತಡವಾಗಿ ಬೀಳಿಸುತ್ತಿದ್ದ ತಾಳದ ಮೂರನೇ ಪೆಟ್ಟು, ಅವನಲ್ಲಿಗೆ ಹೋಗಿ ಬರುವಷ್ಟರಲ್ಲಿ ಸಿಪಾಯಿಯಂತೆ ನೆಟ್ಟಗೆ ನಿಂತಿರುತ್ತಿತ್ತು. ಅವಳು ಮತ್ತೆ ಹಿಂದೆ ಸರಿಸುವಳು. ಅದು ಮತ್ತೆ ನೆಟ್ಟಗಾಗುವುದು. ಸಾಲದ್ದಕ್ಕೆ ಅವನ ಕೆಟ್ಟ ಮೈಕಿನ ಕರಕರ ಸದ್ದನ್ನೂ ಪ್ರತಿ ಸಲ ಅವಳೇ ಒರೆಸಬೇಕು. ತನ್ನ ಕಂಪ್ಯೂಟರೇ ಕೆಟ್ಟಿದೆಯೆಂದು ಅದನ್ನು ರಿಪೇರಿಗೆ ಹೊತ್ತಳು, ವೈರು ಬದಲಿಸಿದಳು, ತಲೆ ಚಚ್ಚಿಕೊಂಡಳು.

“ಇನ್ನೂ ಅದೇ ಡಬ್‌ ಡಬ್ಬೇನೇ? ಇಷ್ಟು ಹೊತ್ತಿಗೆ ಒಂದು ಮಗು ನಡೆಯೋದು ಕಲೀತಿತ್ತು” ಎಂದಳು ಅಕ್ಕ.

“ಹಲ್ಲು ಕಟ್ಟಿದಷ್ಟು ಸಲೀಸಲ್ಲಮ್ಮ ಹಾಡು ಕಟ್ಟೋದು” ಎಂದು ಭಾವ ಉರಿಗೆ ತುಪ್ಪ ಸುರಿದ.

ಅಷ್ಟರಲ್ಲಿ ಯಜಮಾನರು ಗಡುವು ಕೊಟ್ಟರು. ಶನಿವಾರದೊಳಗೆ ಬರದಿದ್ದರೆ ಆಲ್ಬಮ್ಮಿನಲ್ಲಿ ಆ ಜಾಗ ಬೇರೆಯವರಿಗೆ. ಅವಳ ಹೆಸರು ಹೊತ್ತು ಹೊರಬೀಳಬೇಕಿದ್ದ ಮೊದಲ ಹಾಡು ಅದು. ಅವಳಿಗೆ ಅಳು ಬರಲಿಲ್ಲ, ರೋಸಿಹೋಯಿತು. ರಾಗ, ಗದ್ದಲ ಎಲ್ಲ ಅಳಿಸಿ, ಬರೀ ತಾಳವನ್ನು, ಆ ತಡವಾದ ಪೆಟ್ಟಿನ ಸಮೇತ, ಅವನಿಗೆ ಕಳಿಸಿದಳು. ಮರುದಿನ ಅದು ಬಂತು. ಬೇರೇನೂ ಸೇರಿರಲಿಲ್ಲ. ಪೆಟ್ಟು ಮಾತ್ರ ನೆಟ್ಟಗಾಗಿತ್ತು.

ಕಂಪ್ಯೂಟರಿನ ತಪ್ಪಲ್ಲ ಹಾಗಾದರೆ, ಅವನದೇ ಕೈವಾಡ! ಯಜಮಾನರ ಅಪ್ಪಣೆಯನ್ನು ಗಾಳಿಗೆ ತೂರಿ ಅವನಿಗೆ ಫೋನ್ ಮಾಡಿದಳು.

“ನನ್ನ ಪೆಟ್ಟನ್ನ ಯಾಕ್ರೀ ತಿದ್ದುತೀರಿ?”

“ಅಯ್ಯೋ, ಮೇಡಂ... ನಿಮ್ಮ ಕಂಪ್ಯೂಟರ್ ಹಳೇದು, ತಡವರಿಸುತ್ತೆ ಅಂದ್ಕೊಂಡೆ. ಹೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನೆ ಸರಿ ಮಾಡಿ ಕಳಿಸ್ತಿದ್ದೆ.”

ಇಂಥ ಒಳ್ಳೆಯತನವನ್ನು ಎಲ್ಲಿಂದ ಹಿಡಿದು ಬೈಯುವುದು?

“ನಾನು ಹಲ್ಲು ಕಟ್ಟೋಳು. ಒಂದೇ ಸಮ ಕೂರಿಸಿದ ಹಲ್ಲಾದ್ರೆ, ನಕ್ಕಾಗ ಕಟ್ಟಿಸಿದ್ದು ಅಂತ ಬೀದಿಗೆಲ್ಲ ಗೊತ್ತಾಗುತ್ತೆ ಕಣ್ರೀ. ಒಂದನ್ನ ಚೂರು ಓರೆ ಇಡಬೇಕು. ಆ ಪೆಟ್ಟು ನನ್ನ ಓರೆಹಲ್ಲು. ಮುಟ್ಟಬೇಡಿ.”

“ಆಯ್ತು ಮೇಡಂ. ನಾನೂ ಒಂದು ಕೇಳ್ಲಾ? ನನ್ನ ಬಾಗಿಲಿನ ಸದ್ದನ್ನ ಯಾಕೆ ಅಳಿಸ್ತೀರಿ?”

“ಯಾವ ಬಾಗಿಲು?”

“ಕರಕರ ಅನ್ನತ್ತಲ್ಲ, ಅದೇ. ನಮ್ಮ ಮನೆ ಬಾಗಿಲು. ಅದಕ್ಕೆ ಎಣ್ಣೆ ಹಾಕ್ಬೇಡ ಅಂತ ಅಮ್ಮನ ಹತ್ರ ದಿನಾ ಜಗಳ. ನೀವು ಅಳಿಸಿದಾಗೆಲ್ಲ ನಾನು ಮತ್ತೆ ರೆಕಾರ್ಡ್ ಮಾಡಿ ಹಾಕ್ತಿದ್ದೆ.”

ಹಲ್ಲುರಾಣಿ ನಾಲಿಗೆ ಕಚ್ಚಿಕೊಂಡಳು. ಅವನ ಮೈಕು ಕೆಟ್ಟಿದೆ ಎಂದು ಪಾಪ ಅನ್ನಿಸಿ ತಾನೂ ಹೇಳದೇ ಒರೆಸಿದ್ದಳಲ್ಲ!

ಅಂದೇ ಓರೆಹಲ್ಲೂ ಬಾಗಿಲೂ ತಂತಮ್ಮ ಜಾಗಕ್ಕೆ ಮರಳಿದವು. ಶುಕ್ರವಾರ ಹಾಡು ಹೋಯಿತು. ಶನಿವಾರ, ಅವಳು ಅಚ್ಚಿಗೆ ಮೇಣ ಸುರಿಯುತ್ತಿದ್ದಾಗ ಯಜಮಾನರ ಫೋನು ಬಂತು.

“ಚೆನ್ನಾಗಿದೆಯಮ್ಮ. ಆದರೆ ತಾಳ ಎಲ್ಲೋ ಹಿಂದೆ ಬೀಳುತ್ತೆ, ಹಿಂದೆ ಏನೋ ಕರಕರ ಅನ್ನುತ್ತೆ. ಪಾಪ, ನಿಮಗೆ ಯಾಕೆ ತೊಂದರೆ, ನಾನೇ ಸದ್ದಿಲ್ಲದೆ...”

“ಸಾರ್!” ಎಂದು ಅವಳು ಕಿರುಚಿದ್ದಕ್ಕೆ ಮೇಣವೆಲ್ಲ ಮೇಜಿನ ಮೇಲೆ ಚೆಲ್ಲಿತು.