ಬಚ್ಚಲ ನೀರಿಗೂ ಬಗ್ಗದ ಗಿಡ್ಡ ಪೈರು

ರಾಗಿ ಪೈರು ಯಾಕೆ ಗಿಡ್ಡವಾಗುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಶಾಲೆಯ ಸಾಲಿನಲ್ಲಿ ಸದಾ ಮೊದಲಿಗೆ ನಿಂತ ಕುಳ್ಳಿ ನಾನು. ಈ ವಿಷಯವನ್ನು ಬೇಕೆಂದೇ ಆರಿಸಿಕೊಂಡೆ ಎಂದು ಊರವರು ನಗುತ್ತಾರೆ. ನಗಲಿ ಬಿಡಿ.

ಗಿಡದೊಳಗೆ ಒಂದು ಪ್ರೋಟೀನು ಕಾವಲುಗಾರನಂತೆ ನಿಂತು ಬೆಳವಣಿಗೆಯನ್ನು ತಡೆಯುತ್ತದೆ. ಹಾರ್ಮೋನು ಬಂದೊಡನೆ ಜೀವಕೋಶ ಆ ಪ್ರೋಟೀನಿಗೆ ಗುರುತು ಹಚ್ಚಿ ಚೂರುಚೂರು ಮಾಡುತ್ತದೆ. ಪೈರು ಸರ್ರನೆ ಏಳುತ್ತದೆ. ಹಾರ್ಮೋನು ಸಿಂಪಡಿಸಿದರೂ ಈ ಕಾವಲುಗಾರ ಚೂರಾಗದ, ಗಿಡ್ಡವಾಗಿಯೇ ಉಳಿಯುವ ಒಂದೇ ಒಂದು ಪೈರು ನನಗೆ ಬೇಕಿತ್ತು. ಸಿಗದಿದ್ದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು.

ಕಾಲೇಜಿನ ಗಾಜಿನಮನೆ ರಿಪೇರಿಗೆ ಬಂದಿದ್ದರಿಂದ ಪೈರಿನ ಟ್ರೇಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಗಟಿಗೆ, ನಮ್ಮ ಮನೆಗೆ ತಂದೆ. ಮರುದಿನ ಸಿಂಪಡಿಸುವ ಬಾಟಲಿಗೆಂದು ಕಡೂರಿಗೆ ಹೋಗಿ ಬರುವಷ್ಟರಲ್ಲಿ ಅವ್ವ ಒಂಬತ್ತು ಗಿಡ್ಡ ಪೈರನ್ನೂ ಕಿತ್ತು, ಉದ್ದನೆಯವನ್ನು ಮಾತ್ರ ಉಳಿಸಿದ್ದಳು! ರಾಗಿ ಹೊಲದಲ್ಲಿ ಅವಳ ಕೈ ವರ್ಷವೂ ಮಾಡುವ ಕೆಲಸ ಅದು.

"ಯಾಕವ್ವ ಹಿಂಗ್ ಮಾಡ್ದೆ?" ಎಂದು ಕಿರುಚಿದೆ.

"ಕೂಗಬ್ಯಾಡ ಕಣೇ. ಬಡಕಲು ಪೈರು ಬಿಟ್ರೆ ಒಳ್ಳೇವೂ ಕೆಡ್ತವೆ. ಎಸೆಯೋಕೆ ಮನಸ್ಸು ಬರ್ಲಿಲ್ಲ, ಬಚ್ಚಲ ನೀರು ಹರಿಯೋ ತಾವ ನೆಟ್ಟಿದೀನಿ."

ಓಡಿದೆ. ಒಂಬತ್ತೂ ಅಲ್ಲೇ ಇದ್ದವು! ಅವ್ವನ ಕೈಗೆ ಮುತ್ತಿಟ್ಟು ಹಾರ್ಮೋನು ಸಿಂಪಡಿಸತೊಡಗಿದೆ.

ಆಮೇಲೆ ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಕೆಸರಿನಲ್ಲಿ ಕೂರುವುದೇ ಕೆಲಸ. ಪೈರೊಂದು ಎದ್ದರೆ ಅವ್ವನಿಗೆ ಹಿಗ್ಗು, ನನಗೆ ಎದೆ ಧಸಕ್. "ನಮ್ಮ ಬಚ್ಚಲ ನೀರಿನ ಗುಣ ನೋಡೇ!" ಎಂದು ಬೀಗುತ್ತಿದ್ದಳು. ಹತ್ತನೆಯ ದಿನಕ್ಕೆ ಎಂಟು ಎದ್ದು ನಿಂತವು. ಒಂಬತ್ತನೆಯದು ಮಾತ್ರ ಹಸಿರಾಗಿ, ದಷ್ಟಪುಷ್ಟವಾಗಿ, ಗೇಣುದ್ದವೂ ಇಲ್ಲದೆ ಕೂತಿತ್ತು. ಮತ್ತೆ ಅಳೆದೆ. ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

"ಅಯ್ಯೋ, ಇದೊಂದು ಹಂಗೇ ಉಳೀತಲ್ಲೇ" ಎಂದು ಅವ್ವ ಮರುಗುತ್ತಿದ್ದರೆ ನಾನು ಕುಣಿಯುತ್ತಿದ್ದೆ. ಜಾರಿ ಬಿದ್ದೆ, ಬಿದ್ದಲ್ಲೇ ನಕ್ಕೆ. ಅಂಥ ಸಂತೋಷ ನನಗೆ ಮತ್ತೆ ಆಗಿಲ್ಲ.

ಅವ್ವ ನನ್ನನ್ನು ಎಬ್ಬಿಸಿ, ಸೆರಗಿನಿಂದ ಕೆಸರು ಒರೆಸುತ್ತಾ ಬಾಗಿಲ ಕಡೆ ನೋಡಿದಳು. ಚಿಕ್ಕಂದಿನಲ್ಲಿ ಪ್ರತಿ ಯುಗಾದಿಗೆ ನನ್ನನ್ನು ಆ ಚೌಕಟ್ಟಿಗೆ ಒರಗಿಸಿ ಎತ್ತರಕ್ಕೆ ಗೆರೆ ಎಳೆಯುತ್ತಿದ್ದಳು. ಗೆರೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಇನ್ನೂ ಇವೆ.

"ಗಿಡ್ಡ ಇದ್ರೂ ಹಿಂಗೆ ಕುಣೀಬೋದು ಅಂತ ಯಾರೂ ನಂಗೆ ಹೇಳ್ಲಿಲ್ಲ ಕಣೇ," ಎಂದಳು. "ಸುಮ್ನೆ ವರ್ಷಾ ವರ್ಷಾ ಗೆರೆ ಎಳೆದು ಅಳ್ತಿದ್ದೆ."