ಕೈ ಮುಗಿದ ಫೋಟೊ

ಹೊಂಗನೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳಕ್ಕಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ರೇಷ್ಮೆಗೆ ಒಳ್ಳೆಯ ಕಾಲ ಬಂದು ಎಷ್ಟೋ ಮನೆಗಳ ನಡುಮನೆಯೇ ಹುಳದ ಮನೆಯಾಗಿದ್ದ ದಿನಗಳವು. ಹೊಗೆಸೊಪ್ಪು ಹಾಕಿದವರು, ವಾಸನೆ ಎಣ್ಣೆ ಬಳಿದವರು ಹೊಸಿಲು ದಾಟುವಂತಿರಲಿಲ್ಲ. ಸೋದರಮಾವ ಬೀಡಿ ಸೇದಿ ಬಂದನೆಂದು ಅವ್ವ ಅವನಿಗೆ ಜಗುಲಿಯಲ್ಲೇ ಮುದ್ದೆ ಇಕ್ಕಿದ್ದಳು.

ಅಂಥ ಊರಿಗೆ ಕಂಪನಿಯವರು ಉಪಕಾರ ಮಾಡಲು ಬಂದರು!

ದೇಶದ ಉದ್ದಗಲಕ್ಕೂ ಕರೆಂಟ್ ಲೈನ್ ಎಳೆಯುವ ಕಂಪನಿ. ನಮ್ಮ ಹೊಲಗಳಾಚೆ ಟವರ್ ನಿಲ್ಲಿಸುತ್ತಿದ್ದರು. ಕೆಲಸ ನಡೆಯುವ ಊರಿಗೆಲ್ಲ ಏನಾದರೊಂದು ಸೇವೆ ಮಾಡಬೇಕೆಂದು ಮೇಲಿನಿಂದ ಹುಕುಂ ಇತ್ತಂತೆ. ಒಂದೂರಿಗೆ ಕಣ್ಣಿನ ತಪಾಸಣೆ, ಇನ್ನೊಂದೂರಿನ ಸ್ಕೂಲಿಗೆ ಬೆಂಚು. ನಮಗೆ ಸೊಳ್ಳೆ ಔಷಧಿ. ಬೇಕಾ ಅಂತ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಮೂರು ವರ್ಷದ ಮಗುವೂ ಬೇಡ ಅನ್ನುತ್ತಿತ್ತು. ಈಗಲೂ ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ಆ ಸಲದ ಬೆಳೆ ಅವ್ವನದು. ಅಪ್ಪ ಹೋದ ಮೇಲೆ ಚಿಕ್ಕಪ್ಪ, "ಹೆಂಗಸು ಒಬ್ಳೇ ಏನ್ ಸಾಕಾಳು, ಕಡ್ಡಿ ತೋಟ ನಮಗೆ ಬುಡು" ಅಂತ ಪಟ್ಟು ಹಿಡಿದಿದ್ದ. ಒಂದು ಬೆಳೆ ತೆಗೆದು ತೋರಿಸುತ್ತೇನೆ, ಆಗದಿದ್ದರೆ ಹಿಪ್ಪುನೇರಳೆ ತೋಟ ನಿಂದೇ ಎಂದು ಅವ್ವ ಹತ್ತು ಜನರೆದುರು ಹೇಳಿ ಬಂದಿದ್ದಳು. ಈ ಜಗಳದಲ್ಲಿ ಹುಳ ಇಟ್ಟದ್ದು ತಡವಾಗಿ, ನಮ್ಮ ಬೀದಿಯವರೆಲ್ಲ ರಾಮನಗರಕ್ಕೆ ಗೂಡು ಹೊತ್ತ ಮೇಲೂ ನಮ್ಮ ತಟ್ಟೆಗಳಲ್ಲಿ ಹುಳ ಇತ್ತು. ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಹಣ್ಣಾಗಿ, ಮೈ ಹಳದಿಗೆ ತಿರುಗುತ್ತಿತ್ತು. ಬೆಳಗ್ಗೆ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುವುದೊಂದೇ ಬಾಕಿ.

ಆ ಸಂಜೆ ಹೊಗೆ ಮೆಷಿನ್ನು ಬುಡುಬುಡು ಎನ್ನುತ್ತ ನಮ್ಮ ಬೀದಿಗೆ ತಿರುಗಿತು. ನಾನು ಕಿಟಕಿಗೆ ಗೋಣಿಚೀಲ ತುರುಕುತ್ತಿದ್ದೆ. ಅವ್ವ ಬೀದಿಗೆ ಓಡಿದಳು.

"ದಮ್ಮಯ್ಯ ಅಂತೀನಿ ಸಾಮಿ, ನಿಲ್ಸಿ! ಒಳಗೆ ಹುಳ ಅವೆ!" ಎಂದು ಕೈ ಮುಗಿದು ಮೆಷಿನ್ನಿಗೆ ಅಡ್ಡ ನಿಂತಳು.

ಕಂಪನಿಯ ಆಫೀಸರು ನಕ್ಕರು. "ಹೆದರಬೇಡಿ ಅಮ್ಮ, ಇದರಿಂದ ಜನಕ್ಕೇನೂ ಆಗಲ್ಲ. ಹುಳಹುಪ್ಪಟೆ ಮಾತ್ರ ಸಾಯುತ್ತೆ."

ಪಕ್ಕದಲ್ಲಿದ್ದವನು ಫೋಟೊ ಹೊಡೆದ. ಮೆಷಿನ್ನು ಅವ್ವನನ್ನು ಬಳಸಿಕೊಂಡು ಮುಂದೆ ಹೋಯಿತು.

ಬೆಳಗಾಗುವಷ್ಟರಲ್ಲಿ ಒಂದು ತಟ್ಟೆಯೂ ಉಳಿದಿರಲಿಲ್ಲ. ಹುಳಗಳು ಹಸಿರು ಕಕ್ಕಿ ಸತ್ತಿದ್ದವು. ಮಕ್ಕರಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತವಳು ನಾನೇ. ಚಿಕ್ಕಪ್ಪ ಬಂದು ನೋಡಿ, "ನಾನ್ ಯೋಳಿರ್ನಿಲ್ವಾ?" ಎಂದ. ಔಷಧಿ ಹೊಡೆದವರ ಬಗ್ಗೆ ಒಂದು ಮಾತಾಡಲಿಲ್ಲ, ಪುಣ್ಯಾತ್ಮ. ಹತ್ತು ಜನರೆದುರು ಆಡಿದ ಮಾತು. ತೋಟ ಅವನ ಪಾಲಾಯಿತು.

ಹೊಸ ವರ್ಷಕ್ಕೆ ಆಫೀಸರು ಮನೆಮನೆಗೆ ಕಂಪನಿಯ ಕ್ಯಾಲೆಂಡರ್ ಹಂಚಲು ಬಂದರು. ತಿಂಗಳಿಗೊಂದರಂತೆ ದೇಶದ ಮೂಲೆಮೂಲೆಯ ಸೇವೆಯ ಚಿತ್ರ. ಒಂದು ಹಾಳೆಯಲ್ಲಿ ಹೊಗೆಯ ನಡುವೆ ಕೈ ಮುಗಿದು ನಿಂತ ನಮ್ಮವ್ವ. ಕೆಳಗೆ, "ಕೃತಜ್ಞತೆ ಸಲ್ಲಿಸುತ್ತಿರುವ ಗ್ರಾಮಸ್ಥೆ."

ನನಗೆ ಓದು ಬರುತ್ತಿದ್ದುದೇ ತಪ್ಪು ಅನ್ನಿಸಿತು. ಅವ್ವನಿಗೆ ಓದಿ ಹೇಳಿದೆ. ಆಫೀಸರು ಹಲ್ಲು ಬಿಟ್ಟು, "ಡೆಲ್ಲಿವರೆಗೂ ಹೋಗಿದ್ದೀರಿ ಅಮ್ಮ! ಹಾಗೇ ಇನ್ನೊಂದು ಸಲ ಕೈ ಮುಗೀರಿ, ಫೋಟೊ ತಗೊಳ್ಳೋಣ" ಎಂದರು.

ಬೈಯಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಅವರ ಮುಂದೆ ಹೋಗಿ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಈಗ ಹೊಡ್ಕೊ" ಎಂದಳು.